ತಳದಲ್ಲಿ ಕೂತ ಸುಣ್ಣ

ಹಣ್ಣಿನ ರಸಕ್ಕೆ ಕ್ಯಾಲ್ಸಿಯಂ ಸೇರಿಸುವುದು ಕಷ್ಟದ ಕೆಲಸವಲ್ಲ. ಸೇರಿಸಿದ್ದು ರಸದಲ್ಲೇ ಉಳಿಯುವ ಹಾಗೆ ಮಾಡುವುದು ಕಷ್ಟ. ಇಷ್ಟನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ವರ್ಷ ಹೋದದ್ದು ಮಾತ್ರ ಆಗಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಪರ್ಕಳದಲ್ಲಿ ಹಂಚಿನ ಮಾಡಿನ ಒಂದು ಶೆಡ್ಡಿನಲ್ಲಿ ಅನಾನಸಿನ ರಸ ತೆಗೆದು ಬಾಟ್ಲಿಗೆ ತುಂಬುವ ಸಣ್ಣ ಕಾರ್ಖಾನೆ ಇತ್ತು. ಹಣ್ಣು ಬಜಗೋಳಿ ಕಡೆಯಿಂದ ಬರುತ್ತಿತ್ತು. ಕೊಯ್ಯುವುದಕ್ಕೆ ಮೂವರು ಹೆಂಗಸರು, ಬಾಟ್ಲಿ ತೊಳೆಯುವುದಕ್ಕೆ ಇಬ್ಬರು, ಮತ್ತೆ ಕೆಮಿಸ್ಟ್ ಎಂದು ನಾನು. ಮಾಲಕರು ಕಾರ್ಕಳದ ಹತ್ತಿರದ ಕ್ರಿಶ್ಚಿಯನ್ನರು. ಮನೆಯಲ್ಲಿ ಕೊಂಕಣಿ, ಕೆಲಸದವರೊಂದಿಗೆ ತುಳು, ನನ್ನ ಜೊತೆ ಮಾತ್ರ ಯಾಕೋ ಕನ್ನಡ. ಊರಿನವರು ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವಂತೆ ನಾನೂ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದೆ. ಬಹಳ ವರ್ಷ ಕೊಲ್ಲಿಯಲ್ಲಿದ್ದು ಬಂದವರು, ಬರುವಾಗ ಅಲ್ಲಿಯ ಅವಸರವನ್ನೂ ತಂದಿದ್ದರು.

ಒಂದು ದಿನ ಅವರು ನನ್ನ ಮೇಜಿನ ಮೇಲೆ ಚಪ್ಪಟೆ ಮಾಡಿದ ಕಾಗದದ ಡಬ್ಬಿಯೊಂದನ್ನು ಇಟ್ಟರು. ಅವರ ಬಾವ ಕೊಲ್ಲಿಯಿಂದ ರಜೆಗೆ ಬಂದಾಗ ಪೆಟ್ಟಿಗೆಯಲ್ಲಿ ತಂದದ್ದು. ಅಮೆರಿಕದ ಕಿತ್ತಳೆ ರಸದ ಡಬ್ಬಿ.

"ಓದು," ಎಂದರು.

"ಕ್ಯಾಲ್ಸಿಯಂ ಸೇರಿಸಿದ್ದು ಅಂತ ಉಂಟು."

"ಹಾಲು ಕುಡಿಯದವರಿಗೆ ಹಣ್ಣಿನ ರಸದಲ್ಲಿ ಹಾಲಿನ ಶಕ್ತಿ! ಅಮೆರಿಕದವನಿಗೆ ಆಗ್ತದೆ, ನಮಗೆ ಯಾಕೆ ಆಗುವುದಿಲ್ಲ?"

"ಹೇಗೆ ಸೇರಿಸುವುದು ಅಂತ ಇದರಲ್ಲಿ ಬರೆದಿಲ್ಲ ಪೊರ್ಬುಗಳೇ."

"ಅದನ್ನೂ ಬರೆದಿದ್ದರೆ ನಿನ್ನನ್ನು ಯಾಕೆ ಇಟ್ಟುಕೊಳ್ಳುವುದು ಮಾರಾಯ?"

ಬೇರೆ ಯಾವ ವರ್ಷವಾಗಿದ್ದರೂ ನಾನು ಇದನ್ನು ತಪ್ಪಿಸಿಕೊಳ್ಳುತ್ತಿದ್ದೆ. ಆ ವರ್ಷ ತಪ್ಪಿಸಿಕೊಳ್ಳಲಿಲ್ಲ. ಕಾರಣ ಅಮ್ಮ.

ಅಮ್ಮ ಕಾಪುವಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದರು. ಮನೆಯ ಅಂಗಳದ ತುಂಬ ಮಲ್ಲಿಗೆ ಗಿಡ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಅಮ್ಮ ಕಟ್ಟುವ ವೇಗಕ್ಕೆ ನೋಡುವವರ ಕಣ್ಣು ಸೋಲುತ್ತಿತ್ತು. ಹಿಂದಿನ ಮಳೆಗಾಲ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿಯಿತು. ಬಿದ್ದದ್ದು ಒಂದು ಗೇಣು ಎತ್ತರದಿಂದ. ಮಣಿಪಾಲದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು: "ಮೂಳೆ ಟೊಳ್ಳಾಗಿದೆ. ಇನ್ನೊಂದು ಸಲ ಬೀಳಬಾರದು. ಕ್ಯಾಲ್ಸಿಯಂ ಹೊಟ್ಟೆಗೆ ಹೋಗಬೇಕು. ಹಾಲು ಕುಡಿಸಿ."

ಅಮ್ಮನಿಗೆ ಹಾಲು ಆಗುವುದಿಲ್ಲ. ವಾಸನೆ ಬಂದರೆ ಸಾಕು, ಅಂಗಳಕ್ಕೆ ಓಡುತ್ತಿದ್ದರು. ಮಾತ್ರೆ ಕೊಟ್ಟರೆ ಗಂಟಲಿನಲ್ಲಿ ನಿಲ್ಲುತ್ತದೆ ಎಂದು ಎರಡನೆಯ ವಾರಕ್ಕೆ ಬಿಟ್ಟರು. ಕೈಯ ಪಟ್ಟಿ ಬಿಚ್ಚಿದ ಮೇಲೆ ಮಲ್ಲಿಗೆ ಕಟ್ಟಲು ಕೂತರು. ಬೆರಳು ಓಡಲಿಲ್ಲ. ಒಂದು ಚೆಂಡು ಮುಗಿಯುವಾಗ ಅತ್ತಿಗೆ ಮೂರು ಮುಗಿಸಿದ್ದರು. ಅಮ್ಮ ಯಾರನ್ನೂ ನೋಡದೆ ನಾರು ಒದ್ದೆ ಮಾಡುತ್ತಾ ಕೂತದ್ದನ್ನು ನಾನು ನೋಡಿದೆ. ಅನಾನಸಿನ ರಸವನ್ನು ಮಾತ್ರ ಅವರು ಸಂತೋಷದಿಂದ ಕುಡಿಯುತ್ತಿದ್ದರು. ಹಾಗಾಗಿ ಪೊರ್ಬುಗಳ ಡಬ್ಬಿ ನನಗೆ ವ್ಯಾಪಾರದ ಮಾತಾಗಿ ಕಾಣಲಿಲ್ಲ.

ಮೊದಲ ಸಲ ಮಾಡಿದ್ದು ದಡ್ಡತನ. ಪೊರ್ಬುಗಳು ಹೊಳೆಬದಿಯಲ್ಲಿ ಚಿಪ್ಪು ಸುಡುವ ಗೂಡಿನಿಂದ ಸುಣ್ಣ ತರಿಸಿ, "ಇದೇ ಅಲ್ವಾ ನಿನ್ನ ಕ್ಯಾಲ್ಸಿಯಂ? ಹಾಕು," ಎಂದರು. ಇದರಲ್ಲಿ ಕಲ್ಲು, ಬೂದಿ ಎಲ್ಲ ಉಂಟು, ಕುಡಿಯುವುದಕ್ಕಲ್ಲ ಎಂದೆ. "ನೋಡ್ಲಿಕ್ಕೆ ಮಾತ್ರ," ಎಂದರು. ಅರ್ಧ ಬಕೆಟ್ ರಸಕ್ಕೆ ಒಂದು ಚಮಚ ಹಾಕಿದೆ. ಚಿನ್ನದ ಬಣ್ಣದ ರಸ ಕಂದಾಗಿ, ತೊಳೆದ ನೆಲದ ನೀರಿನ ಹಾಗಾಯಿತು. ವಾಸನೆಯೂ ಹೋಯಿತು. ಹಣ್ಣು ಕೊಯ್ಯುವ ಹೆಂಗಸರಲ್ಲಿ ಹಿರಿಯವರು ಬಗ್ಗಿ ನೋಡಿ, "ಎಲೆ ಅಡಿಕೆಯನ್ನೂ ಹಾಕಿಬಿಡಿ, ಊಟ ಆದ ಮೇಲೆ ಕುಡಿಯಬಹುದು," ಎಂದರು. ಅವರ ನಗು ಮಧ್ಯಾಹ್ನದವರೆಗೆ ನಿಲ್ಲಲಿಲ್ಲ.

ಎರಡನೆಯದು ಸೀಮೆಸುಣ್ಣದ ಜಾತಿಯ ಪುಡಿ, ಔಷಧಕ್ಕೆ ಬಳಸುವ ಶುದ್ಧದ್ದು, ಮಂಗಳೂರಿನಿಂದ ತರಿಸಿದ್ದು. ಹುಳಿ ರಸಕ್ಕೆ ಅದು ಬಿದ್ದದ್ದೇ ತಡ ನೊರೆ ಎದ್ದಿತು. ಹಂಡೆಯ ಬಾಯಿ ದಾಟಿ, ಒಲೆ ದಾಟಿ, ನನ್ನ ಚಪ್ಪಲಿಯವರೆಗೆ ಬಂತು. ನೊರೆ ಇಳಿದ ಮೇಲೆ ಹಂಡೆಯಲ್ಲಿ ಉಳಿದದ್ದು ಅರ್ಧ.

ಆಮೇಲೆ ಪುಸ್ತಕ ಹುಡುಕಿದೆ. ಉಡುಪಿಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರ ಮನೆಗೆ ಮೂರು ಸಲ ಹೋದೆ. ಕೊನೆಗೆ ದಾರಿ ಇದು ಎಂದು ಗೊತ್ತಾಯಿತು. ರಸವನ್ನು ಮೊದಲು ಮುಟ್ಟಲೇಬಾರದು. ಬೇರೆ ಪಾತ್ರೆಯಲ್ಲಿ ತಣ್ಣೀರಿಗೆ ನಿಂಬೆಹುಳಿಯ ಹರಳು ಹಾಕಿ ಕರಗಿಸಬೇಕು. ಶುದ್ಧ ಸುಣ್ಣವನ್ನು ನೀರಿನಲ್ಲಿ ಹಾಲಿನ ಹಾಗೆ ಕದಡಿ, ಆ ಹುಳಿನೀರಿಗೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಹುಳಿಯೂ ಸುಣ್ಣವೂ ಒಂದನ್ನೊಂದು ತಿಂದುಕೊಳ್ಳುತ್ತವೆ, ಪಾತ್ರೆ ಬೆಚ್ಚಗಾಗುತ್ತದೆ. ಸುಣ್ಣದ ಖಾರ ಹೋಗುತ್ತದೆ, ಕ್ಯಾಲ್ಸಿಯಂ ಉಳಿಯುತ್ತದೆ. ಆಮೇಲೆ ಅದನ್ನು ರಸಕ್ಕೆ ಸೇರಿಸಬೇಕು. ಹುಳಿ ಸ್ವಲ್ಪ ಮುಂದೆಯೇ ಇರಬೇಕು, ಸುಣ್ಣ ಹಿಂದೆ. ಹೀಗೆ ಮಾಡಿದಾಗ ರಸ ಕಂದಲಿಲ್ಲ, ನೊರೆ ಬರಲಿಲ್ಲ, ರುಚಿ ಕೆಡಲಿಲ್ಲ. ಪೊರ್ಬುಗಳು ಒಂದು ಲೋಟ ಕುಡಿದು, ಇನ್ನೊಂದು ಲೋಟ ಕುಡಿದು, ನನ್ನ ಬೆನ್ನಿಗೆ ಹೊಡೆದರು. ನಾನೂ ನಕ್ಕೆ. ಬಾಟ್ಲಿಗೆ ತುಂಬಿ, ಕೆಡದ ಹಾಗೆ ಬಿಸಿನೀರಿನ ಹಂಡೆಯಲ್ಲಿ ಇಳಿಸಿದೆವು.

ತೆಗೆದಾಗ ಪ್ರತಿ ಬಾಟ್ಲಿಯಲ್ಲಿ ಬಿಳಿ ಮಂಜು ಕವಿದಿತ್ತು. ಮರುದಿನ ಬೆಳಿಗ್ಗೆ ಆ ಮಂಜು ತಳದಲ್ಲಿ ಅರ್ಧ ಬೆರಳು ದಪ್ಪ ಕೂತಿತ್ತು, ಸಣ್ಣ ಮರಳಿನ ಹಾಗೆ.

ಸಕ್ಕರೆ, ಉಪ್ಪು ಬಿಸಿಯಲ್ಲಿ ಹೆಚ್ಚು ಕರಗುತ್ತವೆ. ಈ ವಸ್ತು ತಣ್ಣಗಿದ್ದಾಗ ಕರಗಿರುತ್ತದೆ, ಬಿಸಿ ಮಾಡಿದರೆ ಹರಳುಗಟ್ಟುತ್ತದೆ. ಬಿಸಿ ಮಾಡದಿದ್ದರೆ ರಸ ನಾಲ್ಕೇ ದಿನಕ್ಕೆ ಹುಳಿತು ಬೂಚು ಹಾರುತ್ತದೆ. ಬಿಸಿ ಮಾಡಿದರೆ ಸುಣ್ಣ ಕೂರುತ್ತದೆ. ಹುಳಿ ಹೆಚ್ಚು ಮಾಡಿ ನೋಡಿದೆ, ಹಲ್ಲು ಚುಳ್ಳೆಂದಿತು. ಸಕ್ಕರೆ ಹೆಚ್ಚು ಮಾಡಿದೆ, ಪಾಕವಾಯಿತು. ಬೇರೆ ಹುಳಿಗಳನ್ನು ಬೆರೆಸಿದರೆ ನಿಲ್ಲುತ್ತದೆ ಎಂದು ಮೇಷ್ಟ್ರು ಹೇಳಿದರು. ಆ ಹುಳಿ ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ವಾರಕ್ಕೊಂದು ಸಲ ನಾನು ಬಾಟ್ಲಿಗಳನ್ನು ಸಾಲಾಗಿ ಕಿಟಕಿಯಲ್ಲಿಟ್ಟು ತಳ ನೋಡುತ್ತಿದ್ದೆ. ಪ್ರತಿ ವಾರ ತಳ ಬೆಳ್ಳಗಿರುತ್ತಿತ್ತು. ಆ ಬಿಳಿಯನ್ನು ಕಂಡರೆ ನನಗೆ ಬಾಟ್ಲಿ ಎತ್ತಿ ಗೋಡೆಗೆ ಹೊಡೆಯಬೇಕು ಅನಿಸುತ್ತಿತ್ತು.

"ಬಿಡು," ಎಂದರು ಪೊರ್ಬುಗಳು ಕೊನೆಗೆ. "ಕುಲುಕಿ ಕುಡಿಯಿರಿ ಅಂತ ಚೀಟಿ ಅಂಟಿಸುವ. ಔಷಧದ ಬಾಟ್ಲಿಗೂ ಅಂಟಿಸ್ತಾರಲ್ವಾ?"

"ತಳದಲ್ಲಿ ಕೂತಿರುವುದು ಎಂತ ಅಂತ ಕೇಳಿದರೆ?"

"ಕ್ಯಾಲ್ಸಿಯಂ ಅನ್ನು."

"ಜನರಿಗೆ ಕ್ಯಾಲ್ಸಿಯಂ ಅಂದರೆ ಗೊತ್ತಾಗುವುದಿಲ್ಲ. ಸುಣ್ಣ ಅಂತ ಹೇಳಬೇಕು. ಸುಣ್ಣದಿಂದ ಮಾಡಿದ್ದು ತಾನೇ?"

ಅವರು ಹಣೆ ಚಚ್ಚಿಕೊಂಡರು. "ನಿನಗೆ ಎಲ್ಲಾ ಸರಿಯಾಗಿ ಹೇಳಲೇಬೇಕು ಅಲ್ವಾ? ಸುಣ್ಣ ಅಂದರೆ ಯಾರು ಕುಡಿತಾರೆ ಮಾರಾಯ? ನನ್ನ ಹೆಂಡತಿಯೇ ಕುಡಿಯುವುದಿಲ್ಲ. ನೀನು ಬಾಯಿ ಮುಚ್ಚಿಕೊಂಡು ಕ್ಯಾಲ್ಸಿಯಂ ಅನ್ನು."

ಇದು ನನಗೆ ಮೋಸದ ಮಾತಾಗಿ ಕೇಳಿಸಿತು. ಇದ್ದದ್ದನ್ನು ಇದ್ದ ಹೆಸರಿನಿಂದ ಹೇಳಬೇಕು ಎಂದು ವಾದಿಸಿದೆ. ಅವರ ಜೊತೆ ಎರಡು ದಿನ ಮಾತು ಬಿಟ್ಟೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆದರೆ ಆಗ ನಡೆದದ್ದು ಹೀಗೆ.

ದೀಪಾವಳಿ ಕಳೆದ ಮೇಲಿನ ಮೊದಲ ಶನಿವಾರ ನಾನು ಚೀಲದಲ್ಲಿ ಮೂರು ಬಾಟ್ಲಿ ಇಟ್ಟುಕೊಂಡು, ಉಡುಪಿಯಲ್ಲಿ ಬಸ್ಸು ಬದಲಾಯಿಸಿ, ಕಾಪುವಿಗೆ ಹೋದೆ. ಚೀಟಿ ಅಂಟಿಸಿರಲಿಲ್ಲ. ಮನೆಗೆ ಕೊಂಡುಹೋಗುವುದಕ್ಕೆ ಚೀಟಿ ಯಾಕೆ? ಅಮ್ಮ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಅತ್ತಿಗೆ ಬಾಟ್ಲಿಗಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. ನಮ್ಮ ಮನೆಯಲ್ಲಿ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ತಳದಲ್ಲಿ ಎಂತ ಬಾವ ಇದು, ಬೆಳ್ಳಗೆ?"

"ಹೆದರಬೇಡಿ ಅತ್ತಿಗೆ, ಅದು ಸುಣ್ಣ. ಶುದ್ಧದ್ದು. ಅಮ್ಮನ ಮೂಳೆಗೆ ಒಳ್ಳೆಯದು. ದಿನಕ್ಕೆ ಒಂದೂವರೆ ಲೋಟ ಕೊಡಿ, ಒಂದು ದಿನವೂ ತಪ್ಪಿಸಬೇಡಿ."

ನಾನು ಹೇಳಿದ್ದು ಇಷ್ಟು. ಬಹಳ ಸಲ ನೆನಪು ಮಾಡಿಕೊಂಡಿದ್ದೇನೆ. ಕುಲುಕಿ ಎನ್ನುವ ಮಾತು ಆ ದಿನ ನನ್ನ ಬಾಯಿಂದ ಬಂದಿರಲಿಲ್ಲ. ಪರ್ಕಳದಲ್ಲಿ ದಿನಕ್ಕೆ ಇಪ್ಪತ್ತು ಸಲ ಕೇಳಿದ ಮಾತು, ಎಲ್ಲರಿಗೂ ಗೊತ್ತಿದೆ ಎಂದುಕೊಂಡೆನೋ ಏನೋ.

"ಸುಣ್ಣ ಅಲ್ವಾ," ಎಂದರು ಅತ್ತಿಗೆ, ಗೊತ್ತಾದವರ ಹಾಗೆ. "ಹಾಗಾದರೆ ನಾನೇ ಕೊಡ್ತೇನೆ. ಮಕ್ಕಳ ಕೈಗೆ ಬೇಡ."

ಆಮೇಲೆ ಪ್ರತಿ ಶನಿವಾರ ಹೋದೆ, ಮಳೆ ಹಿಡಿಯುವವರೆಗೂ. ಖಾಲಿ ಬಾಟ್ಲಿಗಳು ತೊಳೆದು, ಬೋರಲು ಇಟ್ಟು, ಸಿದ್ಧವಾಗಿರುತ್ತಿದ್ದವು. ಅಷ್ಟು ಚೊಕ್ಕ ತೊಳೆದ ಬಾಟ್ಲಿ ನಮ್ಮ ಕಾರ್ಖಾನೆಯಲ್ಲೂ ಸಿಗುತ್ತಿರಲಿಲ್ಲ. ಅಮ್ಮನನ್ನು ಕೇಳಿದರೆ, "ಅವಳು ಒಂದು ದಿನ ಬಿಟ್ಟವಳಲ್ಲ, ಜ್ವರ ಬಂದಾಗಲೂ ಎದ್ದು ಕೊಟ್ಟಿದ್ದಾಳೆ," ಎನ್ನುತ್ತಿದ್ದರು. ಅಮ್ಮನ ಬೆರಳು ಮೆಲ್ಲ ಮೆಲ್ಲ ಓಡತೊಡಗಿತ್ತು. ಅತ್ತಿಗೆ ಮೂರು ಚೆಂಡು ಕಟ್ಟುವಾಗ ಅಮ್ಮ ಎರಡು ಕಟ್ಟುತ್ತಿದ್ದರು. ನಾನು ಅದನ್ನು ಬಾಟ್ಲಿಯ ಲೆಕ್ಕಕ್ಕೆ ಹಾಕಿಕೊಂಡೆ. ಪೊರ್ಬುಗಳಿಗೂ ಹೇಳಿದೆ.

ಮಳೆ ಶುರುವಾದ ಎರಡನೆಯ ವಾರ, ಬೆಳಿಗ್ಗೆ, ಹೂವಿನ ಹೊತ್ತಿನಲ್ಲಿ ಅಮ್ಮ ಜಗಲಿಯಲ್ಲಿ ಮಣೆಯಿಂದ ಏಳುವಾಗ ಬಿದ್ದರು. ಜಾರಿದ್ದಲ್ಲ, ಎಡವಿದ್ದೂ ಅಲ್ಲ. ಎದ್ದರು, ಕುಸಿದರು. ಅತ್ತಿಗೆ ಎದುರಿಗೇ ಕೂತಿದ್ದರು, ಹಾಗಾಗಿ ಇದರಲ್ಲಿ ಸಂಶಯವಿಲ್ಲ. ಸೊಂಟದ ಮೂಳೆ ಮುರಿದಿತ್ತು. ಅಣ್ಣ ಪರ್ಕಳದಲ್ಲಿ ಕಾರ್ಖಾನೆಯ ಪಕ್ಕದ ಅಂಗಡಿಗೆ ಫೋನು ಮಾಡಿ ಹೇಳಿಸಿದ. ನಾನು ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ಅಮ್ಮನನ್ನು ಕಾರಿನಿಂದ ಇಳಿಸುತ್ತಿದ್ದರು. ಸೀರೆಗೆ ಮಲ್ಲಿಗೆ ಮೊಗ್ಗು ಅಂಟಿಕೊಂಡಿತ್ತು.

"ಕ್ಯಾಲ್ಸಿಯಂ ಕೊಡಲಿಲ್ಲವಾ?" ಎಂದರು ಡಾಕ್ಟರು.

"ಕೊಟ್ಟಿದ್ದೇವೆ. ಒಂದು ದಿನವೂ ತಪ್ಪದೆ," ಎಂದೆ. ದಿನಕ್ಕೆ ಎಷ್ಟು ಎಂದೂ ಹೇಳಿದೆ, ತೂಕದ ಸಮೇತ. ಅವರು ಬರೆದುಕೊಂಡರು.

ಮೂರನೆಯ ದಿನ ಅಮ್ಮನ ಸೀರೆ ಮತ್ತು ಹೊದಿಕೆ ತರಲು ನಾನು ಕಾಪುವಿಗೆ ಹೋದೆ. ಹನ್ನೊಂದು ಗಂಟೆ ಇರಬಹುದು, ಮಳೆ ಬಿಟ್ಟಿತ್ತು. ಅತ್ತಿಗೆ ಅಡುಗೆಮನೆಯಲ್ಲಿದ್ದರು. "ಸ್ವಲ್ಪ ನಿಲ್ಲಿ ಬಾವ, ಮಾಮಿಗೆ ಜ್ಯೂಸು ತುಂಬಿಸಿ ಕೊಡ್ತೇನೆ, ಆಸ್ಪತ್ರೆಯಲ್ಲಿ ತಪ್ಪುವುದು ಬೇಡ," ಎಂದರು. ಅಮ್ಮನನ್ನು ಅವರು ಮಾಮಿ ಎಂದೇ ಕರೆಯುತ್ತಿದ್ದರು. ಫ್ಲಾಸ್ಕಿನ ಬಾಯಿಗೆ ತೆಳುವಾದ ಬಿಳಿ ಮಲ್ಲು ಬಟ್ಟೆ ಕಟ್ಟಿದರು. ಮೂಲೆಯಿಂದ ಬಾಟ್ಲಿಯನ್ನು ಎರಡು ಕೈಯಲ್ಲಿ ಎತ್ತಿದರು, ತುಂಬಿದ ಎಣ್ಣೆಯ ದೀಪವನ್ನು ಎತ್ತುವ ಹಾಗೆ, ಅಲುಗದಂತೆ. ಉಸಿರು ಹಿಡಿದು, ಬಗ್ಗಿಸಿ, ಮೇಲಿನ ತಿಳಿಯನ್ನು ಸಣ್ಣ ಧಾರೆಯಲ್ಲಿ ಬಟ್ಟೆಯ ಮೂಲಕ ಇಳಿಸಿದರು. ಬಿಳಿ ಗಷ್ಟು ಕತ್ತಿನ ಹತ್ತಿರ ಬಂದ ಕೂಡಲೇ ನಿಲ್ಲಿಸಿದರು. ಉಳಿದದ್ದನ್ನು ಹಿತ್ತಲಬಾಗಿಲಿನಿಂದ ಕೈ ಚಾಚಿ ಮಲ್ಲಿಗೆಯ ಬುಡಕ್ಕೆ ಚೆಲ್ಲಿದರು. ಆ ಗಿಡದ ಬುಡದ ಮಣ್ಣು ಬೆಳ್ಳಗಿತ್ತು. ಒಂದು ದಿನದ ಬಿಳಿ ಅಲ್ಲ.

ನಾನು ಅಲ್ಲೇ ನಿಂತಿದ್ದೆ. ಏನೋ ಹೇಳಿದೆ, ಏನು ಎಂದು ನೆನಪಿಲ್ಲ. ದನಿ ದೊಡ್ಡದಾಗಿತ್ತು ಎಂಬುದು ಮಾತ್ರ ನೆನಪು, ಯಾಕೆಂದರೆ ಅತ್ತಿಗೆ ಬೆಚ್ಚಿ ಬಾಟ್ಲಿಯನ್ನು ಎದೆಗೆ ಒತ್ತಿಕೊಂಡರು.

"ಎಂತ ಆಯ್ತು?"

"ಅದನ್ನು ಯಾಕೆ ಚೆಲ್ಲಿದಿರಿ?"

"ಸುಣ್ಣದ ಗಷ್ಟಲ್ವಾ ಬಾವ? ನೀವೇ ಹೇಳಿದ್ದು. ಸುಣ್ಣದ ಗಷ್ಟನ್ನು ಯಾರಾದರೂ ಕುಡಿಸ್ತಾರಾ? ಕರುಳು ಸುಡುವುದಿಲ್ವಾ?" ಆಮೇಲೆ, ನನ್ನ ಮುಖ ನೋಡಿ, ಸಮಾಧಾನ ಮಾಡುವವರ ಹಾಗೆ ಹೇಳಿದರು: "ನಾನು ಒಂದು ಚೂರೂ ಹೋಗ್ಲಿಕ್ಕೆ ಬಿಡಲಿಲ್ಲ. ಎರಡು ಸಲ ಸೋಸಿದ್ದೇನೆ."

ನಮ್ಮ ಕಡೆ ಇದು ಎಲ್ಲ ಮನೆಗಳ ಕ್ರಮ. ಮಗುವಿಗೆ ಹೊಟ್ಟೆನೋವು ಬಂದರೆ ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಇಡುತ್ತಾರೆ. ಬೆಳಗಾಗುವಾಗ ಸುಣ್ಣ ತಳದಲ್ಲಿ, ಮೇಲೆ ಕನ್ನಡಿಯಂಥ ನೀರು. ಆ ತಿಳಿಯನ್ನು ಮಾತ್ರ ಚಮಚದಲ್ಲಿ ತೆಗೆದು ಕುಡಿಸುತ್ತಾರೆ. ಪಾತ್ರೆ ಅಲುಗಿಸಿದವರಿಗೆ ಪೆಟ್ಟು. ನಾನೂ ಚಿಕ್ಕಂದಿನಲ್ಲಿ ಆ ಪೆಟ್ಟು ತಿಂದಿದ್ದೇನೆ, ಅಮ್ಮನ ಕೈಯಿಂದ, ಇದೇ ಅಡುಗೆಮನೆಯಲ್ಲಿ. ಅತ್ತಿಗೆಗೆ ಆ ಕ್ರಮ ಕಲಿಸಿದವರೂ ಅಮ್ಮನೇ. ಸುಣ್ಣ ಎಂಬ ಮಾತು ಕೇಳಿದ ಕ್ಷಣ ಅವರ ಕೈ ತಾನಾಗಿ ತಿಳಿ ತೆಗೆಯಲು ಹೊರಟಿತು. ನಾನು ಕ್ಯಾಲ್ಸಿಯಂ ಎಂದಿದ್ದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದೆ, ಔಷಧ ಎಂದುಕೊಂಡು, ಬಾಟ್ಲಿಯ ತಳವನ್ನೂ ನೀರು ಹಾಕಿ ತೊಳೆದು ಕುಡಿಸುತ್ತಿದ್ದರು.

"ಮೂಳೆಗೆ ಬೇಕಾದದ್ದು ಆ ಬಿಳಿಯಲ್ಲಿ ಇರುವುದು ಅತ್ತಿಗೆ," ಎಂದೆ. "ಅದು ಸುಡುವುದಿಲ್ಲ. ಹುಳಿಯಲ್ಲಿ ಅದರ ಖಾರ ತೆಗೆದಿದ್ದೇನೆ. ಇನ್ನು ಮೇಲೆ ಕುಲುಕಿ ಕೊಡಿ."

ಅವರು ಬಾಟ್ಲಿಯನ್ನು ಕೆಳಗಿಟ್ಟರು. ಹಿತ್ತಲಿನ ಗಿಡದ ಕಡೆ ನೋಡಿದರು. ಆ ವರ್ಷ ಆ ಗಿಡ ಬಹಳ ಹೂ ಬಿಟ್ಟಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಇರಲಿಲ್ಲ, ಉಳಿದವುಗಳ ಹಾಗೆಯೇ ಇತ್ತು.

"ಹಾಗಾದರೆ ಇಷ್ಟು ದಿನ ಮಾಮಿ ಕುಡಿದದ್ದು?"

"ತಿಳಿಯಲ್ಲೂ ಸ್ವಲ್ಪ ಇರುತ್ತದೆ."

"ಸ್ವಲ್ಪ ಅಂದರೆ ಎಷ್ಟು?"

"ಅಳೆದು ನೋಡಬೇಕು," ಎಂದೆ.

ಮುಂದಿನ ವಾರ ಪರ್ಕಳದಲ್ಲಿ ಅಳೆದೆ. ಅದೇ ಬಟ್ಟೆಯಂಥ ಬಟ್ಟೆಯಲ್ಲಿ, ಅದೇ ರೀತಿ ಎರಡು ಸಲ ಸೋಸಿ, ಹನಿ ಹನಿಯಾಗಿ ಅಳೆಯುವ ಬ್ಯುರೆಟ್ಟಿನಲ್ಲಿ ಮೂರು ಸಲ ನೋಡಿದೆ. ತಿಳಿಯಲ್ಲಿ ಇದ್ದದ್ದು ಐದರಲ್ಲಿ ಒಂದು ಪಾಲು. ಆ ಪೂರ್ತಿ ಸುಣ್ಣ ಹೊಟ್ಟೆಗೆ ಹೋಗಿದ್ದರೆ ಮೂಳೆ ಮುರಿಯುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಡಾಕ್ಟರೂ ಹೇಳಲಿಲ್ಲ. ಏಳೆಂಟು ತಿಂಗಳಿನಲ್ಲಿ ಟೊಳ್ಳು ಮೂಳೆ ತುಂಬುವುದಿಲ್ಲ ಎಂದರು. ಆದರೆ ಅವರ ಕಾಗದದಲ್ಲಿ ನಾನು ಬರೆಸಿದ ತೂಕ ತಪ್ಪು ಎಂದು ನಾನೇ ಹೋಗಿ ತಿದ್ದಿಸಬೇಕಾಯಿತು. ಐದರಲ್ಲಿ ಒಂದು ಪಾಲು ಎಂದು ಅತ್ತಿಗೆಗೆ ಹೇಳಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಪೊರ್ಬುಗಳಿಗೆ ಹೇಳಿದೆ. "ನಾನು ಹೇಳಿದ್ದೆ" ಎನ್ನುತ್ತಾರೆ ಎಂದು ಕಾದೆ, ಜಗಳಕ್ಕೆ ಸಿದ್ಧನಾಗಿ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು, ಅಷ್ಟೇ. ಆ ವರ್ಷದ ಕೊನೆಗೆ ಕ್ಯಾಲ್ಸಿಯಂ ಬಿಟ್ಟು ಬರೀ ರಸ ಮಾಡುವುದಕ್ಕೆ ತಿರುಗಿದೆವು.

ಸೀರೆ ತರಲು ಕಾಪುವಿಗೆ ಹೋದ ಆ ದಿನ ಮಾತ್ರ ನಾನು ಅತ್ತಿಗೆ ಕೊಟ್ಟ ಫ್ಲಾಸ್ಕನ್ನು ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಉಳಿದಿದ್ದ ಹೊಸ ಬಾಟ್ಲಿಯೊಂದನ್ನು ಸೀರೆಗಳ ನಡುವೆ ಇಟ್ಟುಕೊಂಡು ಬಸ್ಸು ಹತ್ತಿದೆ. ಆಸ್ಪತ್ರೆಯಲ್ಲಿ ಅಮ್ಮನ ಕಾಲಿಗೆ ತೂಕ ಕಟ್ಟಿ ಎಳೆದು ಇಟ್ಟಿದ್ದರು. ಮಲಗಿದಲ್ಲೇ ಹೊದಿಕೆಯ ಅಂಚಿನ ನೂಲನ್ನು ಎರಡು ಬೆರಳಲ್ಲಿ ಸುತ್ತಿ ಗಂಟು ಹಾಕುತ್ತಿದ್ದರು, ಮಲ್ಲಿಗೆ ಕಟ್ಟುವ ಗಂಟು.

ನಾನು ಬಾಟ್ಲಿಯನ್ನು ಚೆನ್ನಾಗಿ ಕುಲುಕಿ ಲೋಟಕ್ಕೆ ಬಗ್ಗಿಸಿ, ತಲೆಗೆ ಕೈ ಕೊಟ್ಟು ಕುಡಿಸಿದೆ. ಒಂದು ಗುಟುಕಿಗೆ ಅವರು ಮುಖ ಕಿವುಚಿದರು.

"ಎಂತ ಇದು, ಮರಳು ಮರಳು? ಅವಳು ಕೊಟ್ಟದ್ದಲ್ವಾ?"

"ನಾನು ಬಗ್ಗಿಸಿದ್ದು."

"ಗೊತ್ತಾಯ್ತು. ನಿನಗೆ ಸೋಸ್ಲಿಕ್ಕೆ ಎಲ್ಲಿ ಬರ್ತದೆ. ಇಡು ಅಲ್ಲಿ, ಅವಳು ಸಂಜೆ ಬರ್ತಾಳೆ, ತಿಳಿ ಮಾಡಿ ಕೊಡ್ತಾಳೆ."

"ಈಗಲೇ ಕುಡಿ ಅಮ್ಮ. ಹೀಗೇ ಕುಡಿಯಬೇಕು."

"ಸುಣ್ಣ ಅಲ್ವಾ ಮಗ?"

ನಾನು ಆ ಹೊತ್ತಿಗೆ ಕಲಿತಿದ್ದೆ. "ಅಲ್ಲ," ಎಂದೆ. "ಕ್ಯಾಲ್ಸಿಯಂ."

ಅಮ್ಮ ನನ್ನನ್ನು ನೋಡಿದರು, ನಂಬಿದ ಹಾಗೆ ಕಾಣಲಿಲ್ಲ. ಆದರೂ ಕಣ್ಣು ಮುಚ್ಚಿ ಕುಡಿದರು. ಲೋಟದ ತಳದಲ್ಲಿ ಬಿಳಿ ಉಳಿದಿತ್ತು. ಸ್ವಲ್ಪ ನೀರು ಹಾಕಿ ತಿರುಗಿಸಿ ಮತ್ತೆ ಕೊಟ್ಟೆ. "ಸಾಕು ಮಾರಾಯ," ಎಂದರು. ಇನ್ನೊಮ್ಮೆ ನೀರು ಹಾಕಿ ತಿರುಗಿಸಿದೆ. ಬಯ್ಯುತ್ತಲೇ ಅದನ್ನೂ ಕುಡಿದರು. ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಇನ್ನೂ ಸ್ವಲ್ಪ ಅಂಟಿಕೊಂಡಿತ್ತು.